ಚಕ್ಕಿ ಗೊಂಬೆ ಕೊಳ್ಳುವ ಮುನ್ನ: ದೊಡ್ಡಪ್ಪನ ಕಿವಿಮಾತು

ಮಗಳೇ, ನಿನ್ನ ಸಂಗ್ರಹಕ್ಕೆ ಒಂದು ಚಕ್ಕಿ ಗೊಂಬೆ ಬೇಕು, ಯಾವುದನ್ನು ಕೊಳ್ಳಲಿ ಅಂತ ಕೇಳಿದ್ದೀಯ. ಬೆಲೆ ಕಡಿಮೆಯೇನಲ್ಲ. ಫೋಟೊದಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಕೈಗೆ ಬಂದ ಮೇಲೆ ಒಂದೊಂದರ ಗುಣ ಒಂದೊಂದು. ಅದಕ್ಕೇ ನೋಡುವ ಕ್ರಮವನ್ನು ಬರೆದು ಕಳಿಸುತ್ತಿದ್ದೇನೆ, ನಿಧಾನವಾಗಿ ಓದಿಕೋ.

ಎಲ್ಲಕ್ಕಿಂತ ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೋ. 1988ರ ‘ಚೈಲ್ಡ್ಸ್ ಪ್ಲೇ’ ಚಿತ್ರದಲ್ಲಿ ಚಕ್ಕಿ ನಮ್ಮನ್ನು ಹೆದರಿಸುವುದು ಚಾಕುವಿನಿಂದಲ್ಲ. ಒಳಗೆ ಕೊಲೆಗಾರನೊಬ್ಬನ ಆತ್ಮ ಹೊಕ್ಕಿದ್ದರೂ, ಹುಡುಗನೊಬ್ಬ ಹುಟ್ಟುಹಬ್ಬಕ್ಕೆ ಆಸೆಪಟ್ಟು ಕೇಳಿದ ‘ಗುಡ್ ಗೈಸ್’ ಅನ್ನುವ ಮುದ್ದು ಗೊಂಬೆ ಅದು. ಅಂಥ ಗೊಂಬೆ ತಿರುಗಿ ನೋಡಿದಾಗ ಎದೆ ಝಲ್ಲೆನ್ನುತ್ತದೆ. ಹಾಗಾಗಿ ಒಳ್ಳೆಯ ಚಕ್ಕಿ ಮೊದಲು ಒಳ್ಳೆಯ ಆಟದ ಗೊಂಬೆಯಾಗಿರಬೇಕು, ಹೆದರಿಕೆ ಆಮೇಲಿನದು. ಮುಂದೆ ಹೇಳುವುದೆಲ್ಲ ಈ ಮಾತಿನ ಮೇಲೆಯೇ ನಿಂತಿದೆ.

ಯಾವ ಚಿತ್ರದ ಚಕ್ಕಿ?

• ಚಿತ್ರ ಯಾವುದೆಂದು ಮೊದಲು ಗೊತ್ತುಮಾಡಿಕೋ. ಚಕ್ಕಿಯ ಮುಖ ಎಲ್ಲ ಚಿತ್ರಗಳಲ್ಲೂ ಒಂದೇ ಅಲ್ಲ. ಮೊದಲ ಚಿತ್ರಕ್ಕೆ ಗೊಂಬೆಯ ರೂಪ ಕಲ್ಪಿಸಿದವರು ನಿರ್ಮಾಪಕ ಡೇವಿಡ್ ಕಿರ್ಶ್ನರ್, ಅದನ್ನು ಯಂತ್ರದ ಗೊಂಬೆಯಾಗಿ ಕಟ್ಟಿ ಆಡಿಸಿದವರು ಕೆವಿನ್ ಯಾಗರ್. ಕಥೆ ಸಾಗಿದಂತೆ ಗೊಂಬೆ ಮನುಷ್ಯನಾಗುತ್ತಾ ಹೋಗುತ್ತದೆ, ಹಣೆಯ ಮೇಲಿನ ಕೂದಲು ಹಿಂದೆ ಸರಿಯುತ್ತದೆ, ಮುಖದಲ್ಲಿ ಗೆರೆಗಳು ಮೂಡುತ್ತವೆ. 1998ರ ‘ಬ್ರೈಡ್ ಆಫ್ ಚಕ್ಕಿ’ಯಲ್ಲಿ ಅವನ ಪ್ರೇಯಸಿ ಟಿಫನಿ ಚೂರುಚೂರಾದ ಚಕ್ಕಿಯನ್ನು ಹೊಲಿದು ಜೋಡಿಸುತ್ತಾಳೆ. ಮುಖದ ತುಂಬ ಹೊಲಿಗೆಯ ಗಾಯಗಳಿರುವುದು ಅಲ್ಲಿಂದ ಮುಂದಕ್ಕೆ. ಮೊದಲ ಚಿತ್ರದ ಗೊಂಬೆ ಅಂತ ಹೇಳಿ ಹೊಲಿಗೆ ಹಾಕಿದ ಮುಖ ಕೊಟ್ಟರೆ, ಮಾಡಿದವನಿಗೆ ಚಿತ್ರದ ಪರಿಚಯವಿಲ್ಲ ಅಂತಲೇ ತಿಳಿ.

• ನೀನು ಆರಿಸಿದ ಚಿತ್ರವನ್ನು ಇನ್ನೊಮ್ಮೆ ನೋಡು. ನಿನಗೆ ಬೇಕಾದ ದೃಶ್ಯದಲ್ಲಿ ನಿಲ್ಲಿಸಿ ಮುಖ, ಕೈ, ಬಟ್ಟೆ, ಬೂಟುಗಳನ್ನು ಗಮನಿಸು. ಮಾರುವವರ ವರ್ಣನೆಯನ್ನು ನಂಬಬೇಡ, ಪರದೆಯ ಮೇಲಿನ ಗೊಂಬೆಯೇ ನಿನ್ನ ಅಳತೆಗೋಲು. 2013ರ ‘ಕರ್ಸ್ ಆಫ್ ಚಕ್ಕಿ’ಯಲ್ಲಿ ಮುಖ ಮೊದಲು ನುಣ್ಣಗಿದ್ದು, ಮೇಲಿನ ಪದರ ಕಿತ್ತಾಗ ಹಳೆಯ ಗಾಯ ಕಾಣಿಸುತ್ತದೆ. ಒಂದೇ ಚಿತ್ರದಲ್ಲಿ ಎರಡು ಮುಖ. ಇದು ಗೊತ್ತಿಲ್ಲದೆ ಕೊಂಡರೆ, ಬೇಕಾದದ್ದೊಂದು ಬಂದದ್ದೊಂದು ಆದೀತು.

• ಅಳತೆ ವಿಚಾರಿಸು. ಚಿತ್ರದ ಗುಡ್ ಗೈಸ್ ಗೊಂಬೆ ಹೆಚ್ಚುಕಡಿಮೆ ಎರಡೂವರೆ ಅಡಿ ಎತ್ತರದ್ದು. ಟ್ರಿಕ್ ಆರ್ ಟ್ರೀಟ್ ಸ್ಟುಡಿಯೋಸ್ ಅನ್ನುವ ಕಂಪನಿ ಎರಡನೆಯ ಚಿತ್ರದ ಗೊಂಬೆಯನ್ನು ಅದೇ ಪೂರ್ಣ ಅಳತೆಯಲ್ಲಿ ತಂದಿದೆ. ಮೆಜ್ಕೊ ಕಂಪನಿಯವರ ಮಾತಾಡುವ ಚಕ್ಕಿ 15 ಇಂಚು. ನೆಕಾ ಕಂಪನಿಯವರ, ಕೈಕಾಲು ಆಡುವ ಚಕ್ಕಿ ಸುಮಾರು 4 ಇಂಚಿನದು. ನಾಲ್ಕು ಇಂಚಿನದರಲ್ಲಿ ನೂಲಿನ ಬಟ್ಟೆಯ ಬದಲು ಅಚ್ಚಿನಲ್ಲೇ ಬಟ್ಟೆಯ ಮಡಿಕೆ ಮೂಡಿಸಿದ್ದರೆ ಅದು ದೋಷವಲ್ಲ. ಎರಡೂವರೆ ಅಡಿಯದರಲ್ಲಿ ಹಾಗೆ ಮಾಡಿದ್ದರೆ ಒಪ್ಪುವ ಹಾಗಿಲ್ಲ. ಯಾವ ಗೊಂಬೆಯನ್ನೂ ಅದರ ಅಳತೆಯವುಗಳ ಜೊತೆಗೇ ಹೋಲಿಸಬೇಕು.

ಮುಖದ ಪರೀಕ್ಷೆ

• ಕಣ್ಣಿನಿಂದ ಶುರುಮಾಡು. ಗೊಂಬೆಯನ್ನು ನಿನ್ನ ಕಣ್ಣಿನ ಮಟ್ಟಕ್ಕೆ ಹಿಡಿ. ಎರಡೂ ಕಣ್ಣು ಒಂದೇ ಜಾಗಕ್ಕೆ ನೆಟ್ಟಿವೆಯೇ ನೋಡು. ಒಂದು ನಿನ್ನನ್ನೂ ಇನ್ನೊಂದು ಗೋಡೆಯನ್ನೂ ನೋಡುತ್ತಿದ್ದರೆ ಆ ಗೊಂಬೆಯನ್ನು ಅಲ್ಲೇ ಬಿಟ್ಟುಬಿಡು, ಉಳಿದದ್ದು ಎಷ್ಟೇ ಚೆನ್ನಾಗಿರಲಿ. ಪೂರ್ಣ ಅಳತೆಯದರಲ್ಲಿ ಕಣ್ಣನ್ನು ಬೇರೆಯಾಗಿ ಮಾಡಿ ಕೂರಿಸಿರಬೇಕು. ರೆಪ್ಪೆಗೂ ಗುಡ್ಡೆಗೂ ನಡುವೆ ಸಂದು ಇರಬಾರದು, ಅಂಟು ಉಕ್ಕಿ ಬಂದಿರಬಾರದು. ಚಿಕ್ಕದರಲ್ಲಿ ಕಣ್ಣು ಬರೆದದ್ದೋ ಅಚ್ಚೊತ್ತಿದ್ದೋ ಆಗಿರುತ್ತದೆ. ಅಲ್ಲಿ ನೀಲಿ ವೃತ್ತ ಗೆರೆ ದಾಟಿಲ್ಲ, ಬೆಳಕಿನ ಚುಕ್ಕೆ ಎರಡರಲ್ಲೂ ಒಂದೇ ಕಡೆ ಇದೆ ಅನ್ನುವುದನ್ನು ಖಚಿತಮಾಡಿಕೋ.

• ಕೆನ್ನೆಯ ಚುಕ್ಕೆಗಳನ್ನು ನೋಡು. ಗುಡ್ ಗೈಸ್ ಗೊಂಬೆಯ ಮೂಗು ಕೆನ್ನೆಗಳ ಮೇಲೆ ಸಣ್ಣ ಕಂದು ಚುಕ್ಕೆಗಳಿವೆ. ಕೈಪಳಗಿದವರು ಹಾಕಿದ ಚುಕ್ಕೆಗಳಲ್ಲಿ ಕೆಲವು ದೊಡ್ಡವು, ಕೆಲವು ಸಣ್ಣವು, ಕೆಲವು ಗಾಢ, ಕೆಲವು ಮಸುಕು. ಅವು ಚರ್ಮದ ಒಳಗಿಂದ ಬಂದಂತಿರುತ್ತವೆ. ಅವಸರದ ಕೆಲಸದಲ್ಲಿ ಎಲ್ಲ ಚುಕ್ಕೆಯೂ ಒಂದೇ ಗಾತ್ರ, ಒಂದೇ ಬಣ್ಣ, ಸಮ ಅಂತರ. ಮುಖದ ಕೆಲಸಕ್ಕೆ ಎಷ್ಟು ಹೊತ್ತು ಕೊಟ್ಟಿದ್ದಾರೆ ಅನ್ನುವುದು ಇಲ್ಲಿ ತಿಳಿದುಹೋಗುತ್ತದೆ.

• ತುಟಿಯ ಅಂಚಿಗೆ ಟಾರ್ಚ್ ಹಿಡಿ. ನೇರವಾಗಿ ಅಲ್ಲ, ಪಕ್ಕದಿಂದ ಓರೆಯಾಗಿ. ಬಣ್ಣ ಎಲ್ಲಿ ದಪ್ಪಗೆ ಕೂತಿದೆ, ಎಲ್ಲಿ ಗುಳ್ಳೆ ಎದ್ದಿದೆ, ಎಲ್ಲಿ ಅಚ್ಚಿನ ಕೂಡುಗೆರೆ ಹಾಗೇ ಉಳಿದಿದೆ ಅನ್ನುವುದೆಲ್ಲ ಓರೆ ಬೆಳಕಿನಲ್ಲಿ ಎದ್ದು ಕಾಣುತ್ತದೆ. ಕಿವಿಯ ಹಿಂದೆ ಸಣ್ಣ ಕೂಡುಗೆರೆ ಇದ್ದರೆ ಸಹಿಸಬಹುದು, ಕೆನ್ನೆಯ ಮೇಲೆ ಇರಕೂಡದು.

• ರಕ್ತದ ಬಣ್ಣಕ್ಕೆ ಮರುಳಾಗಬೇಡ. ಕೆಂಪು ಬಣ್ಣ ಎರಚಿದ ಗೊಂಬೆ ಮೊದಲ ನೋಟಕ್ಕೆ ಭಯಂಕರವಾಗಿ ಕಾಣುತ್ತದೆ. ಆದರೆ ಕೆಟ್ಟ ಅಚ್ಚು, ವಕ್ರ ಬಾಯಿ, ಒರಟು ಅಂಚುಗಳನ್ನು ಮುಚ್ಚಲು ಅದಕ್ಕಿಂತ ಸುಲಭದ ಉಪಾಯ ಇನ್ನೊಂದಿಲ್ಲ. ಆ ಕೆಂಪನ್ನು ಮನಸ್ಸಿನಲ್ಲೇ ಒರೆಸಿಬಿಟ್ಟು ಮುಖವನ್ನು ನೋಡು. ಆಗಲೂ ಮುಖದಲ್ಲಿ ಜೀವ ಇದ್ದರೆ ಮುಂದಕ್ಕೆ ಹೋಗು.

ಕೂದಲು, ಬಟ್ಟೆ, ಮೈ

• ಕೂದಲನ್ನು ಬಿಡಿಸಿ ಬುಡ ನೋಡು. ಬುಡದಿಂದ ನಾಟಿದ ಕೂದಲೋ, ಟೋಪಿಯಂತೆ ಅಂಟಿಸಿದ್ದೋ ಕೇಳು. ನಾಟಿದ್ದಾದರೆ ಸಾಲುಗಳು ಒತ್ತಾಗಿರಬೇಕು, ನೆತ್ತಿಯಲ್ಲಿ ಬೋಳು ಪಟ್ಟಿ ಕಾಣಬಾರದು. ಅಂಟಿಸಿದ್ದಾದರೆ ಹಣೆಯಂಚು ಎದ್ದಿರಬಾರದು. ಬೆರಳಿನಿಂದ ಮೆಲ್ಲಗೆ ಸವರಿದಾಗ ಕೈತುಂಬ ಕೂದಲು ಬಂದರೆ ಅದು ಹೆಚ್ಚು ದಿನ ಬಾಳುವ ಗೊಂಬೆಯಲ್ಲ.

• ಬಟ್ಟೆಯನ್ನು ಒಳಗಿನಿಂದ ಪರೀಕ್ಷಿಸು. ಬಣ್ಣಬಣ್ಣದ ಪಟ್ಟೆಯ ಅಂಗಿ, ಮೇಲೆ ಡೆನಿಮ್ ಡುಂಗ್ರಿ, ಎದೆಯ ಜೇಬಿನ ಮೇಲೆ ‘ಗುಡ್ ಗೈಸ್’ ಅನ್ನುವ ಬರಹ, ಕೆಂಪು ಬೂಟು, ಇದು ಅವನ ಉಡುಪು. ಜೇಬಿನ ಬರಹ ನೂಲಿನದೋ ಬರೀ ಪ್ರಿಂಟೋ ಗಮನಿಸು. ಹೊಲಿಗೆಯ ಒಳ ಅಂಚು ಬಿಚ್ಚಿಕೊಳ್ಳದಂತೆ ಓವರ್‌ಲಾಕ್ ಮಾಡಿರಬೇಕು. ತೋಳು, ಬೆನ್ನು, ಪಕ್ಕೆಗಳಲ್ಲಿ ಪಟ್ಟೆಗಳು ಕೂಡುವ ಕಡೆ ಒಂದಕ್ಕೊಂದು ಸೇರಿದ್ದರೆ ಹೊಲಿದವನು ಶ್ರದ್ಧೆಯಿಂದ ಹೊಲಿದಿದ್ದಾನೆ ಅಂತ ಅರ್ಥ.

• ಬಟ್ಟೆ ಬಣ್ಣ ಬಿಡುತ್ತದೆಯೇ ನೋಡು. ಒದ್ದೆ ಮಾಡಿದ ಬಿಳಿ ಬಟ್ಟೆಯ ತುಂಡಿನಿಂದ ಡುಂಗ್ರಿಯ ಒಳಭಾಗವನ್ನು ಒತ್ತಿ ಒರೆಸು. ನೀಲಿ ಬಂದರೆ, ಇವತ್ತು ನಿನ್ನ ತುಂಡಿಗೆ ಹತ್ತಿದ ಬಣ್ಣ ನಾಳೆ ಗೊಂಬೆಯ ವಿನೈಲ್ ಮೈಗೂ ಹತ್ತುತ್ತದೆ. ವಿನೈಲ್ ಒಳಗೆ ಇಳಿದ ಕಲೆ ತೊಳೆದರೆ ಹೋಗುವುದಿಲ್ಲ. ಹಳೆಯ ಗೊಂಬೆಯಾದರೆ ಅಂಗಿ ಸರಿಸಿ ಭುಜ, ಕತ್ತಿನ ಸುತ್ತ ಇಂಥ ಕಲೆ ಹುಡುಕು.

• ಅಂಟಂಟಾಗಿದ್ದರೆ ಎಚ್ಚರ. ವಿನೈಲ್ ಮೆದುವಾಗಿರಲೆಂದು ಅದಕ್ಕೆ ಎಣ್ಣೆಯಂಥ ದ್ರವ ಸೇರಿಸಿರುತ್ತಾರೆ. ಕಾಲ ಕಳೆದಂತೆ, ಅದರಲ್ಲೂ ಸೆಕೆಯಲ್ಲಿ, ಆ ದ್ರವ ಮೇಲಕ್ಕೆ ಒಸರುತ್ತದೆ. ಮುಟ್ಟಿದರೆ ಜಿಡ್ಡು, ಧೂಳು ಮೆತ್ತಿಕೊಂಡ ಮೈ. ತುಸುವೇ ಇದ್ದರೆ ಸೋಪಿನ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಬಹುದು, ಆದರೆ ಮತ್ತೆ ಬರುತ್ತದೆ. ಬೆಲೆ ಮಾತಾಡುವಾಗ ಇದನ್ನು ಲೆಕ್ಕಕ್ಕೆ ಹಿಡಿ.

• ಕೀಲುಗಳನ್ನು ಬಲವಂತ ಮಾಡಬೇಡ. ತಲೆ, ಭುಜ, ಮಣಿಕಟ್ಟು ತಿರುಗಿಸಿದಲ್ಲಿ ನಿಲ್ಲಬೇಕು, ಜೋಲಾಡಬಾರದು. ಹೊಸ ಗೊಂಬೆಯ ಕೀಲು ಬಿಗಿದುಕೊಂಡಿದ್ದರೆ ಹೇರ್ ಡ್ರೈಯರ್‌ನ ಬೆಚ್ಚನೆ ಗಾಳಿ ಸ್ವಲ್ಪ ಹೊತ್ತು ಬಿಟ್ಟು ಮೆಲ್ಲಗೆ ಆಡಿಸು. ತಿರುಚಿ ಮುರಿದ ಕೀಲಿಗೆ ಅಂಟು ಹಾಕಿದರೂ ಮೊದಲಿನಂತಾಗುವುದಿಲ್ಲ. ಕೊನೆಗೆ ಗೊಂಬೆಯನ್ನು ಆಸರೆ ಇಲ್ಲದೆ ಮೇಜಿನ ಮೇಲೆ ನಿಲ್ಲಿಸಿ ನೋಡು. ನಿಲ್ಲದಿದ್ದರೆ ಸ್ಟ್ಯಾಂಡ್ ಜೊತೆಗೆ ಕೊಡುತ್ತಾರೆಯೇ ವಿಚಾರಿಸು.

ಮಾತು ಮತ್ತು ಬ್ಯಾಟರಿ

• ದನಿ ಯಾರದೆಂದು ಕೇಳಿಸಿಕೋ. ಮೊದಲ ಚಿತ್ರದಲ್ಲಿ ಆಟದ ಗೊಂಬೆಯ ಮುದ್ದು ದನಿ ಬಾಲನಟ ಎಡನ್ ಗ್ರಾಸ್‌ನದು, ಒಳಗಿನ ಕೊಲೆಗಾರನ ಒರಟು ದನಿ ಬ್ರ್ಯಾಡ್ ಡೂರಿಫ್ ಅವರದು. 2019ರ ಹೊಸ ಆವೃತ್ತಿಯಲ್ಲಿ ದನಿ ಕೊಟ್ಟವರು ಮಾರ್ಕ್ ಹ್ಯಾಮಿಲ್. ಮುದ್ದು ಮುಖದ ಗುಡ್ ಗೈಸ್ ಗೊಂಬೆಯಿಂದ ಒರಟು ದನಿ ಬಂದರೂ, ಗಾಯದ ಮುಖದಿಂದ ಇನ್ಯಾರದೋ ಅನುಕರಣೆ ಬಂದರೂ ಮಾಡಿದವರು ಚಿತ್ರಕ್ಕೆ ನಿಷ್ಠರಾಗಿಲ್ಲ. ಮಾತು ಸ್ಪಷ್ಟವಿರಬೇಕು, ಗರಗರ ಸದ್ದು ಬೆರೆತಿರಬಾರದು.

• ಬ್ಯಾಟರಿಯ ಗೂಡನ್ನು ತೆಗೆಸಿ ನೋಡು. ಮೊದಲ ಚಿತ್ರದಲ್ಲಿ ಹುಡುಗನ ತಾಯಿ ಕ್ಯಾರನ್ ಗೊಂಬೆಯ ಡಬ್ಬಿ ಎತ್ತಿದಾಗ ಬ್ಯಾಟರಿಗಳು ಕೆಳಗೆ ಬೀಳುತ್ತವೆ. ಬ್ಯಾಟರಿ ಇಲ್ಲದೆಯೇ ಗೊಂಬೆ ಇಷ್ಟು ದಿನ ಮಾತಾಡಿದೆ ಅಂತ ಅವಳಿಗೆ ಆಗ ಹೊಳೆಯುತ್ತದೆ. ಕೊಳ್ಳುವವರಿಗೆ ಆ ಗೂಡು ಬೇರೆ ಕಾರಣಕ್ಕೆ ಮುಖ್ಯ. ವರ್ಷಗಟ್ಟಲೆ ಒಳಗೇ ಬಿಟ್ಟ ಆಲ್ಕಲೈನ್ ಬ್ಯಾಟರಿ ಸೋರಿ ಬಿಳಿ ಪುಡಿ ಕಟ್ಟುತ್ತದೆ, ತಗಡನ್ನು ತಿಂದುಹಾಕುತ್ತದೆ. ಸ್ವಲ್ಪವಿದ್ದರೆ ವಿನೆಗರ್ ಅದ್ದಿದ ಹತ್ತಿಯಿಂದ ತೆಗೆದು ಒಣಗಿಸಬಹುದು. ತಂತಿಯವರೆಗೂ ಹೋಗಿದ್ದರೆ ಮಾತು ಬರುತ್ತದೆಂದು ನಂಬಬೇಡ. ನಿನ್ನ ಮನೆಗೆ ಬಂದ ಮೇಲೆ ಗೊಂಬೆಯ ಮಾತು ಕೇಳಿಯಾದ ಕೂಡಲೇ ಬ್ಯಾಟರಿ ತೆಗೆದಿಡು.

ಅಸಲಿ, ನಕಲಿ, ಕೈಯಲ್ಲಿ ಮಾಡಿದ್ದು

• ಅಗ್ಗಕ್ಕೆ ಓಡಬೇಡ. ಕ್ಯಾರನ್ ಅಂಗಡಿಯ ಬೆಲೆ ಕೊಡಲಾಗದೆ ಬೀದಿಯಲ್ಲಿ ಮಾರುವವನ ಹತ್ತಿರ ಗೊಂಬೆ ಕೊಳ್ಳುವುದರಿಂದಲೇ ಆ ಕಥೆಯ ಕೇಡೆಲ್ಲ ಶುರುವಾಗುವುದು. ನಿಜ ಜೀವನದಲ್ಲಿ ಬರುವುದು ನಕಲಿ ಮಾಲು, ಅಷ್ಟೇ. ಎಲ್ಲ ಕಡೆಯ ಬೆಲೆಗಿಂತ ಅರ್ಧಕ್ಕರ್ಧ ಕಡಿಮೆಗೆ ಹೊಸದು ಸಿಗುತ್ತಿದ್ದರೆ ಕಾರಣ ಹುಡುಕು.

• ಮುದ್ರೆ ಓದು. ಕತ್ತಿನ ಹಿಂದೆ, ಬೆನ್ನ ಮೇಲೆ ಅಥವಾ ಪಾದದಡಿ ತಯಾರಕರ ಹೆಸರೂ ಹಕ್ಕುಸ್ವಾಮ್ಯದ ಮುದ್ರೆಯೂ ಇರುತ್ತವೆ. ಮೊದಲ ಚಿತ್ರ ಎಂಜಿಎಂ ಸ್ಟುಡಿಯೊ ಕಡೆಯದು, 1990ರ ಎರಡನೆಯ ಚಿತ್ರದಿಂದ ಚಕ್ಕಿ ಯೂನಿವರ್ಸಲ್ ಕಡೆಗೆ ಬಂದ. ಡಬ್ಬಿಯ ಮೇಲಿನ ಹೆಸರು, ಮೈಮೇಲಿನ ಮುದ್ರೆ, ಚಿತ್ರದ ಹೆಸರು ಒಂದಕ್ಕೊಂದು ತಾಳೆಯಾಗಬೇಕು. ಅಕ್ಷರ ಮಸುಕಾಗಿದ್ದರೆ, ಕಾಗುಣಿತ ತಪ್ಪಿದ್ದರೆ, ಮೂಗಿಗೆ ಬಡಿಯುವ ರಾಸಾಯನಿಕ ವಾಸನೆ ಇದ್ದರೆ ಕೈ ಹಿಂದೆ ತೆಗೆ.

• ಕಲಾವಿದರು ಕೈಯಲ್ಲಿ ಮಾಡಿದ್ದನ್ನು ಕೀಳಾಗಿ ಕಾಣಬೇಡ. ಕೆಲವರ ಕೈಕೆಲಸ ಕಾರ್ಖಾನೆಯದಕ್ಕಿಂತ ಮೇಲು. ಆದರೆ ಯಾವುದರಿಂದ ಮಾಡಿದ್ದಾರೆ ಅಂತ ಕೇಳಲೇಬೇಕು. ಲ್ಯಾಟೆಕ್ಸ್ ಮತ್ತು ಫೋಮ್ ವರ್ಷ ಕಳೆದಂತೆ ಒಣಗಿ ಬಿರಿದು ಪುಡಿಯಾಗುತ್ತವೆ. ರೆಸಿನ್ ಗಟ್ಟಿ, ಆದರೆ ಬಿದ್ದರೆ ಚೂರು. ಸಿಲಿಕೋನ್ ಬಾಳಿಕೆ ಬರುತ್ತದೆ, ಬೆಲೆ ಜಾಸ್ತಿ, ಧೂಳನ್ನೂ ಎಳೆಯುತ್ತದೆ.

• ‘ಚಿತ್ರೀಕರಣದಲ್ಲಿ ಬಳಸಿದ್ದು’ ಅಂದರೆ ಕಾಗದ ಕೇಳು. ಯಾರಿಂದ ಯಾರಿಗೆ ಬಂತು ಅನ್ನುವ ಸರಪಳಿ ಕಾಗದದ ಮೇಲೆ ತುಂಡಾಗದೆ ಇರಬೇಕು. ಬಾಯಿಮಾತಿಗೆ ಬೆಲೆ ಕಟ್ಟಬೇಡ. ‘ಇಷ್ಟೇ ಸಂಖ್ಯೆಯಲ್ಲಿ ಮಾಡಿದ್ದು’ ಅನ್ನುವ ಚೀಟಿಯೂ ಹಾಗೆಯೇ. ಸಂಖ್ಯೆ ಕಡಿಮೆಯಿದ್ದರೆ ಸಿಗುವುದು ಕಷ್ಟವಾದೀತು, ಕೆಲಸ ಚೆನ್ನಾಗಿದೆ ಅಂತಾಗುವುದಿಲ್ಲ.

ಕೊಳ್ಳುವಾಗ, ಕೊಂಡ ಮೇಲೆ

• ಫೋಟೊ ಕೇಳಿ ತರಿಸಿಕೋ. ಹಗಲು ಬೆಳಕಿನಲ್ಲಿ ಮುಖದ ಎದುರು, ಎರಡೂ ಪಕ್ಕ, ಕತ್ತಿನ ಮುದ್ರೆ, ಅಂಗೈ, ಪಾದ, ಬ್ಯಾಟರಿ ಗೂಡು, ಡಬ್ಬಿಯ ಆರೂ ಬದಿ. ಪ್ರಾಮಾಣಿಕವಾಗಿ ಮಾರುವವರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ಹೊರದೇಶದಿಂದ ತರಿಸುವಾಗ ಸಾಗಣೆ ಮತ್ತು ಕಸ್ಟಮ್ಸ್ ಸುಂಕ ಸೇರಿಸಿ ಬೆಲೆ ನೋಡು. ಪಾರ್ಸೆಲ್ ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿಟ್ಟುಕೋ.

• ಬಿಸಿಲು, ಸೆಕೆ, ತೇವದಿಂದ ದೂರವಿಡು. ಬಿಸಿಲಿಗೆ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಬಟ್ಟೆ ಮಾಸುತ್ತದೆ. ಮಳೆಗಾಲದಲ್ಲಿ, ಅದರಲ್ಲೂ ಮಲೆನಾಡು ಕರಾವಳಿಯಲ್ಲಿ, ಉಡುಪಿಗೆ ಬೂಷ್ಟು ಹಿಡಿಯುತ್ತದೆ. ಗಾಜಿನ ಕಪಾಟಿನಲ್ಲಿ ಸಿಲಿಕಾ ಜೆಲ್ ಚೀಟಿಗಳನ್ನಿಟ್ಟು ಆಗಾಗ ಬದಲಿಸು. ಬಟ್ಟೆಗೆ ಇಡುವಂತೆ ನುಸಿಗುಳಿಗೆ ಮಾತ್ರ ಇಡಬೇಡ, ಅದರ ಆವಿ ಪ್ಲಾಸ್ಟಿಕ್ಕನ್ನು ಹಾಳುಮಾಡುತ್ತದೆ.

• ಮನೆಯ ಮಕ್ಕಳ ಕೈಗೆ ಕೊಡಬೇಡ. ಇದು ದೊಡ್ಡವರ ಸಂಗ್ರಹದ ವಸ್ತು. ಚಾಕು, ಸುತ್ತಿಗೆಯಂಥ ಸಣ್ಣ ಬಿಡಿಭಾಗಗಳನ್ನು ಎಳೆಯ ಮಕ್ಕಳು ನುಂಗಿಯಾರು. ಹೆದರುವ ಮಗುವಿದ್ದರೆ ಅದು ಮಲಗುವ ಕೋಣೆಯಲ್ಲಿ ಇಡಲೇಬೇಡ.

• ತಾಳಿದವನು ಬಾಳಿಯಾನು. ಕೈಲಿರುವ ದುಡ್ಡಿಗೆ ಸಿಕ್ಕ ನಾಲ್ಕನ್ನು ಕೊಳ್ಳುವ ಬದಲು, ಕಾದು ಒಂದೇ ಒಳ್ಳೆಯದನ್ನು ಕೊಳ್ಳು. ಸಾಲ ಮಾಡಿ ಮಾತ್ರ ಬೇಡ.

• ತೂಗಿನೋಡುವ ಹೊತ್ತಿನಲ್ಲಿ ಇದೊಂದು ನೆನಪಿರಲಿ. ಬಟ್ಟೆ ಹರಿದಿದ್ದರೆ ಹೊಲಿಸಬಹುದು, ಬೂಟು ಕಳೆದಿದ್ದರೆ ಹುಡುಕಿ ತರಬಹುದು, ಡಬ್ಬಿ ಇಲ್ಲದಿದ್ದರೂ ನಡೆಯುತ್ತದೆ. ಮುಖ ಕೆಟ್ಟಿದ್ದರೆ ಸರಿಮಾಡಲಾಗದು. ಮುಖ ಚೆನ್ನಾಗಿದ್ದು ಉಳಿದದ್ದು ಸುಮಾರಾಗಿದ್ದರೆ ಚೌಕಾಸಿ ಮಾಡಿ ತಗೋ. ಉಳಿದದ್ದೆಲ್ಲ ಚೆನ್ನಾಗಿದ್ದು ಮುಖ ಸುಮಾರಾಗಿದ್ದರೆ, ಎಷ್ಟು ಕಡಿಮೆಗೆ ಕೊಟ್ಟರೂ ಬೇಡ ಅನ್ನು.