ಹಳೆಯ ರೂಪಾಯಿಯಲ್ಲಿ ಬೆಳ್ಳಿ ಎಷ್ಟು?

ಕಳೆದ ರಜೆಯಲ್ಲಿ ನಮ್ಮ ದಾದಿ ತಮ್ಮ ಪೆಟ್ಟಿಗೆಯಿಂದ ಒಂದು ಬಟ್ಟೆಯ ಗಂಟು ತೆಗೆದು ಅಬ್ಬಾನ ಕೈಗಿಟ್ಟರು. ಒಳಗೆ ಏಳು ಹಳೆಯ ರೂಪಾಯಿಗಳಿದ್ದವು. 1911ರದು ಒಂದು, 1918ರವು ಮೂರು, 1944ರವು ಎರಡು, 1947ರದು ಒಂದು. "ಇವಳ ಫೀಸಿಗೆ ಆಗುತ್ತೆ, ಮಾರಿಬಿಡು" ಎಂದರು.

ಕಪ್ಪಗಿದ್ದರೆ ಬೆಲೆ ಬರುವುದಿಲ್ಲ ಎಂದುಕೊಂಡು ಅಂದು ರಾತ್ರಿ, ಯಾರನ್ನೂ ಕೇಳದೆ, 1911ರ ನಾಣ್ಯವನ್ನು ಹುಣಸೆಹಣ್ಣು ಮತ್ತು ಪಾತ್ರೆ ತಿಕ್ಕುವ ಪುಡಿ ಹಾಕಿ ಚೆನ್ನಾಗಿ ಉಜ್ಜಿದೆ. ಕನ್ನಡಿಯಂತೆ ಹೊಳೆಯಿತು. ಉಳಿದವನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ನಿದ್ದೆ ಬಂತು. ಆ ನಿದ್ದೆಯೇ ಉಳಿದ ಆರು ನಾಣ್ಯಗಳನ್ನು ಕಾಪಾಡಿತು.

ಮರುದಿನ ಬೆಳ್ಳಿ ಅಂಗಡಿಯವರು ಏಳನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರು. "ಇದರಲ್ಲಿ ಅರ್ಧದಷ್ಟೇ ಬೆಳ್ಳಿ ಸಾಹೇಬ್ರೇ" ಎಂದು ಎಲ್ಲದಕ್ಕೂ ಒಂದೇ ದರ ಹೇಳಿದರು. ಅಬ್ಬಾನಿಗೆ ಅನುಮಾನ ಬಂತು. "ನಾಳೆ ಬರ್ತೀವಿ" ಎಂದು ನಾಣ್ಯಗಳನ್ನು ವಾಪಸು ತಂದರು. ನಾನು ಅವನ್ನು ಕಾಲೇಜಿಗೆ ತಂದು ನಮ್ಮ ಭೌತಶಾಸ್ತ್ರದ ಸರ್ ಮುಂದಿಟ್ಟೆ.

ಬ್ರಿಟಿಷ್ ಕಾಲದ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ, ಅಂದರೆ ಶೇಕಡಾ 91.7, ಉಳಿದದ್ದು ತಾಮ್ರ. ಶುದ್ಧ ಬೆಳ್ಳಿ ಮೆತ್ತಗಿರುವುದರಿಂದ ಗಟ್ಟಿಯಾಗಲೆಂದು ತಾಮ್ರ ಬೆರೆಸುತ್ತಿದ್ದರು. ಎರಡನೇ ಮಹಾಯುದ್ಧದಲ್ಲಿ ಬೆಳ್ಳಿಗೆ ಅಭಾವ ಬಂದು 1940ರಲ್ಲಿ ಬೆಳ್ಳಿಯನ್ನು ಶೇಕಡಾ 50ಕ್ಕೆ ಇಳಿಸಿದರು. ಉಳಿದರ್ಧದಲ್ಲಿ 40 ಪಾಲು ತಾಮ್ರ, 5 ನಿಕ್ಕಲ್, 5 ಸತು. ಆದರೆ ತೂಕ, ಅಗಲ ಮೊದಲಿನಷ್ಟೇ ಇಟ್ಟರು. ಹಾಗಾಗಿ ತಕ್ಕಡಿ ಈ ವ್ಯತ್ಯಾಸವನ್ನು ಹೇಳುವುದೇ ಇಲ್ಲ. ಹುಲಿಯ ಚಿತ್ರವಿರುವ 1947ರ ರೂಪಾಯಿಯಲ್ಲಂತೂ ಬೆಳ್ಳಿಯೇ ಇಲ್ಲ, ಪೂರ್ತಿ ನಿಕ್ಕಲ್. ಅಯಸ್ಕಾಂತ ಹಿಡಿದರೆ ಟಕ್ಕನೆ ಅಂಟಿಕೊಳ್ಳುತ್ತದೆ.

ನಾಣ್ಯವನ್ನು ಗೀರದೆ, ಕರಗಿಸದೆ ಬೆಳ್ಳಿಯ ಪ್ರಮಾಣ ತಿಳಿಯುವುದು ಹೇಗೆ? ನಾವು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆರ್ಕಿಮಿಡೀಸ್ ತತ್ವ ಇಲ್ಲಿ ಕೆಲಸಕ್ಕೆ ಬಂತು. 1918ರ ಒಂದು ನಾಣ್ಯ ಗಾಳಿಯಲ್ಲಿ 11.55 ಗ್ರಾಂ ತೂಗಿತು. ದಾರದಲ್ಲಿ ಕಟ್ಟಿ ನೀರಿನಲ್ಲಿ ಮುಳುಗಿಸಿದಾಗ 1.12 ಗ್ರಾಂ ಕಡಿಮೆ ತೋರಿಸಿತು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸಾಂದ್ರತೆ ಸುಮಾರು 10.3. ಶುದ್ಧ ಬೆಳ್ಳಿಯದು 10.5, ತಾಮ್ರದ್ದು 8.96. ಆದ್ದರಿಂದ ಇದು ಹೆಚ್ಚು ಬೆಳ್ಳಿಯ ನಾಣ್ಯವೇ. 1944ರದ್ದು 11.60 ಗ್ರಾಂ ಇದ್ದು, ನೀರಿನಲ್ಲಿ 1.22 ಗ್ರಾಂ ಕಳೆದುಕೊಂಡಿತು, ಸಾಂದ್ರತೆ 9.5. ಲೆಕ್ಕ ಹಾಕಿದರೆ ಮೊದಲಿನದರಲ್ಲಿ ಸುಮಾರು 10.6 ಗ್ರಾಂ ಬೆಳ್ಳಿ, ಎರಡನೆಯದರಲ್ಲಿ 5.8 ಗ್ರಾಂ ಮಾತ್ರ. ಅಂಗಡಿಯ ಮಾತು 1944ರ ಎರಡಕ್ಕೆ ಸರಿ, 1918ರ ಮೂರಕ್ಕೆ ತಪ್ಪು. ಅಲ್ಲಿ ನಮಗೆ ಹೆಚ್ಚುಕಡಿಮೆ ಅರ್ಧ ಬೆಲೆ ಹೋಗುತ್ತಿತ್ತು. (ನೀವೂ ಮಾಡುವುದಾದರೆ ಗ್ರಾಮಿನ ನೂರನೇ ಒಂದು ಭಾಗ ತೋರಿಸುವ ತಕ್ಕಡಿಯೇ ಬೇಕು. ನಾಣ್ಯಕ್ಕೆ ಗಾಳಿಯ ಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ. ನಮ್ಮದು ಮೊದಲ ಸಲ ಹಾಗೇ ಕೆಟ್ಟಿತು.)

ಇಷ್ಟು ಲೋಹದ ಬೆಲೆ. ನಾಣ್ಯದ ಬೆಲೆ ಬೇರೆ. ಅದು ತಿಳಿದದ್ದು ಹಳೆಯ ನಾಣ್ಯ ಕೊಳ್ಳುವ ಒಬ್ಬ ಹಿರಿಯರ ಬಳಿ ಹೋದಾಗ. ಅವರು ಭೂತಗನ್ನಡಿ ಹಿಡಿದು ಮೊದಲು ನೋಡಿದ್ದು ರಾಜನ ಹುಬ್ಬು, ಮೀಸೆ, ಕಿರೀಟದ ಕುಸುರಿ. ಉಬ್ಬಿದ ಭಾಗಗಳೇ ಮೊದಲು ಸವೆಯುವುದು. ಕೈಯಿಂದ ಕೈಗೆ ಓಡಾಡಿ ಸವೆದ ನಾಣ್ಯ ಕಾಲು ಗ್ರಾಂ ಕಳೆದುಕೊಂಡರೆ ಬೆಳ್ಳಿಯಲ್ಲಿ ನಷ್ಟ ನೂರಕ್ಕೆ ಎರಡರಷ್ಟು. ಆದರೆ ಸಂಗ್ರಹಕಾರ ಕೊಡುವ ಬೆಲೆ ಆ ಸವೆತಕ್ಕೆ ಎಷ್ಟೋ ಪಟ್ಟು ಇಳಿಯುತ್ತದೆ. 1918ರ ಮೂರೂ ಚೆನ್ನಾಗಿ ಸವೆದಿದ್ದವು, ಸಾಲದ್ದಕ್ಕೆ ಆ ವರ್ಷದ ರೂಪಾಯಿ ಧಾರಾಳವಾಗಿ ಸಿಗುತ್ತದೆ. ಅವಕ್ಕೆ ಬೆಳ್ಳಿಯ ಬೆಲೆಯೇ ಬೆಲೆ.

ಆಮೇಲೆ 1911ರದ್ದನ್ನು ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ವರ್ಷ ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಕೆತ್ತಿದ್ದ ಪುಟ್ಟ ಆನೆಯ ಸೊಂಡಿಲು ಗಿಡ್ಡವಾಗಿ, ಅದು ಹಂದಿಯಂತೆ ಕಾಣುತ್ತಿತ್ತು. ಮುಸ್ಲಿಮರು ಆಕ್ಷೇಪಿಸಿದರು. ಸರಕಾರ ನಾಣ್ಯವನ್ನು ಹಿಂದಕ್ಕೆ ಪಡೆದು, 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿಸಿತು. ಎರಡು ವರ್ಷದ ನಾಣ್ಯಗಳಲ್ಲೂ ಬೆಳ್ಳಿ ಒಂದೇ. ಆದರೂ ಕಡಿಮೆ ಉಳಿದಿರುವ 1911ರದಕ್ಕೆ ಬೇಡಿಕೆ ಹೆಚ್ಚು.

"ಯಾರಮ್ಮ ಇದನ್ನು ಉಜ್ಜಿದ್ದು?" ಎಂದು ಕೇಳಿದರು. ಅಬ್ಬಾ ನನ್ನ ಮುಖ ನೋಡಿದರು.

ಗಾಳಿಯಲ್ಲಿರುವ ಗಂಧಕದ ಅಂಶ ಬೆಳ್ಳಿಯ ಜೊತೆ ಸೇರಿ ಸಿಲ್ವರ್ ಸಲ್ಫೈಡ್ ಆಗುತ್ತದೆ. ನಾನು ಕೊಳೆ ಎಂದುಕೊಂಡದ್ದು ಅದನ್ನೇ. ಅದೂ ನಾಣ್ಯದ ಮೇಲ್ಮೈಯದೇ ಭಾಗ. ಉಜ್ಜಿದಾಗ ಅದರ ಜೊತೆ ಒಂದು ಪದರ ಬೆಳ್ಳಿಯೂ ಹೋಗಿ, ಪುಡಿಯ ಗೀರುಗಳು ಉಳಿದಿದ್ದವು. ಭೂತಗನ್ನಡಿಯಲ್ಲಿ ಆ ಗೀರುಗಳ ನಡುವೆ ಆನೆ ಅರ್ಧ ಮಾಸಿತ್ತು. ಕಪ್ಪಾಗಿಯೇ ಇದ್ದಿದ್ದರೆ ಎಷ್ಟು ಕೊಡುತ್ತಿದ್ದರು ಎಂದು ಅಬ್ಬಾ ಕೇಳಿದರು. ಅವರು ಹೇಳಿದ ಮೊತ್ತಕ್ಕೆ ನನ್ನ ಇಡೀ ವರ್ಷದ ಫೀಸು ತೀರುತ್ತಿತ್ತು. ಈಗ ಅವರು ಕೊಡಲು ಒಪ್ಪಿದ್ದು ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚು.

ಧೂಳಿದ್ದರೆ ಬರಿಯ ನೀರಿನಲ್ಲಿ ಅದ್ದಿ, ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿದರೆ ಸಾಕು, ಒರೆಸಲೂಬಾರದು ಎಂದು ಅವರೇ ಹೇಳಿಕೊಟ್ಟರು.

1918ರ ಮೂರು, 1944ರ ಎರಡು ನಾಣ್ಯಗಳನ್ನು ಬೇರೆ ಬೇರೆ ತೂಗಿಸಿ ಮಾರಿದೆವು. ಮೊದಲ ಕಂತು ಕಟ್ಟಲು ಆ ಹಣ ಸಾಕಾಯಿತು. ದಾದಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವರು 1911ರದ್ದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ಹಂದಿ ಹೋಯ್ತಲ್ಲ, ಬಿಡು" ಎಂದು ನಕ್ಕು ಮತ್ತೆ ಬಟ್ಟೆಯಲ್ಲಿ ಕಟ್ಟಿದರು. ನಿಕ್ಕಲ್ ರೂಪಾಯಿ ನನ್ನ ತಮ್ಮನ ಪಾಲಾಯಿತು. ಅದೀಗ ನಮ್ಮ ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದ ಜೊತೆ ಅಂಟಿಕೊಂಡಿದೆ.