ಆರ್‌ಸಿಯಲ್ಲಿ ಇರುವಷ್ಟೇ ಕಾರು

ಹುಣಸಮಾರನಹಳ್ಳಿಯಲ್ಲಿ ಬಳ್ಳಾರಿ ರಸ್ತೆ ಬಿಟ್ಟು ಒಳಕ್ಕೆ ತಿರುಗಿದರೆ ಅಡ್ಡರಸ್ತೆಯಲ್ಲೊಂದು ಮನೆ. ಕಾಂಪೌಂಡಿಗೆ ಆನಿಸಿ ತಗಡಿನ ಶೀಟು ಹಾಕಿದ್ದಾರೆ. ಅದರ ಕೆಳಗೆ ನಾಲ್ಕು ಸ್ಟ್ಯಾಂಡುಗಳ ಮೇಲೆ 2001ರ ಹೋಂಡಾ ಸಿಟಿ ವಿಟೆಕ್ ಕೂತಿದೆ. ಚಕ್ರಗಳಿಲ್ಲ, ಬಾನೆಟ್ ಗೋಡೆಗೆ ಒರಗಿದೆ, ಎಂಜಿನ್ ಪಕ್ಕದ ಚಾಪೆಯ ಮೇಲಿದೆ. ಹತ್ತಿರದ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದುವ ಆ ಮನೆಯ ಹುಡುಗ ನನ್ನನ್ನು ಕರೆದದ್ದು ಒಂದೇ ಪ್ರಶ್ನೆ ಕೇಳೋಕೆ.

"ಸಾರ್, ಜಪಾನಿಂದ ಬಂದಿರೋ ಹಾಫ್ ಕಟ್, ಅಂದ್ರೆ ಅರ್ಧಕ್ಕೆ ಕತ್ತರಿಸಿದ ಹಳೆ ಕಾರಿನ ಎಂಜಿನ್ ಒಂದು ಸಿಕ್ಕಿದೆ. ಇದಕ್ಕಿಂತ ಜೋರು. ಕೂರಿಸಿದ್ರೆ ಏನಾದ್ರೂ ತೊಂದ್ರೆ ಆಗುತ್ತಾ?"

"ಮೊದಲು ಆರ್‌ಸಿ ತಗೊಂಡು ಬಾಪ್ಪ" ಅಂದೆ.

ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರೆಂದರೆ ಜಗತ್ತಿನ ಹುಡುಗರಿಗೆಲ್ಲ ಡಾಟ್ಸನ್ 240ಝಡ್, ನಿಸಾನ್ ಸ್ಕೈಲೈನ್, ಟೊಯೊಟಾ ಸುಪ್ರಾ ನೆನಪಾಗುತ್ತವೆ. ನಮ್ಮಲ್ಲಿ ಅವು ಬೆರಳೆಣಿಕೆಯಷ್ಟು. ಮೂರು ವರ್ಷಕ್ಕಿಂತ ಹಳೆಯ ಕಾರನ್ನು ಸಾಮಾನ್ಯವಾಗಿ ಆಮದು ಮಾಡಿಕೊಳ್ಳುವಂತಿಲ್ಲ ಎಂಬ ನಿಯಮವೇ ಕಾರಣ. 50 ವರ್ಷ ದಾಟಿದ ವಿಂಟೇಜ್ ವಾಹನಗಳಿಗೆ 2025ರಲ್ಲಿ ಬಾಗಿಲು ತೆರೆದಿದೆ, ಆದರೆ ಸುಂಕ ಕಟ್ಟುವ ತಾಕತ್ತು ಬೇಕು. ನಡುವಿನ ವಯಸ್ಸಿನ ಕಾರು ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ಕಸ್ಟಮ್ಸ್ ಸುಂಕದ ರಸೀದಿ ಕೇಳಿ. 2025ರ ಸೆಪ್ಟೆಂಬರಿನಲ್ಲಿ ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು 'ಆಪರೇಷನ್ ನುಮ್‌ಖೋರ್' ಹೆಸರಿನಲ್ಲಿ ಕೇರಳದ ತುಂಬ ದಾಳಿ ಮಾಡಿದ್ದು, ಭೂತಾನಿನಿಂದ ಸುಂಕ ತಪ್ಪಿಸಿ ಬಂದವೆಂದು ಶಂಕಿಸಿದ ಗಾಡಿಗಳ ಮೇಲೆ. ನೋಂದಣಿಯಾಗಿದ್ದ ಗಾಡಿಗಳೂ ಆಗ ಜಪ್ತಿಯಾದವು. ಆರ್‌ಸಿ ಇದ್ದ ಮಾತ್ರಕ್ಕೆ ಆಮದು ಸಕ್ರಮ ಆಗುವುದಿಲ್ಲ.

ಹಾಗಾಗಿ ನಮ್ಮೂರ ಹುಡುಗರ ಪಾಲಿಗೆ ಜಪಾನಿನ ಕ್ಲಾಸಿಕ್ ಅಂದರೆ ಇಲ್ಲೇ ಮಾರಾಟವಾದ ಬಲೆನೊ, ಲ್ಯಾನ್ಸರ್ ಮತ್ತು ಎಲ್ಲಕ್ಕಿಂತ ಮೇಲೆ 1.5 ಲೀಟರಿನ, 106 ಅಶ್ವಶಕ್ತಿಯ ಈ ಸಿಟಿ ವಿಟೆಕ್.

ಹುಡುಗ ಪ್ಲಾಸ್ಟಿಕ್ ಕವರಿನಲ್ಲಿ ಆರ್‌ಸಿ ತಂದ. ನೋಡಿದರೆ ಮಾಲೀಕರ ಜಾಗದಲ್ಲಿ ಅವನು ಕಂಡೇ ಇಲ್ಲದ ಯಾರದೋ ಹೆಸರು. ಬ್ಯಾಂಕಿನ ಹೈಪೋತಿಕೇಶನ್ (ಸಾಲದ ಒತ್ತೆಯ ನಮೂದು) ಹಾಗೇ ಇದೆ. ನೋಂದಣಿಯ ಅವಧಿ ಮುಗಿದು ಐದು ವರ್ಷ. ಎಂಜಿನ್ನಿನ ಮಾತು ಆಮೇಲೆ, ಮೊದಲು ಇವುಗಳ ಲೆಕ್ಕ ಹಾಕೋಣ ಅಂತ ಅಲ್ಲೇ ಕೂತೆವು.

ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲಿನ ನವೀಕರಣ ಐದೈದು ವರ್ಷಕ್ಕೆ. ಅರ್ಜಿ ನಮೂನೆ 25. ದೆಹಲಿಯಲ್ಲಿ 15 ವರ್ಷದ ಪೆಟ್ರೋಲ್ ಕಾರಿಗೆ ಬಿದ್ದ ನಿಷೇಧ ಇಲ್ಲೂ ಇದೆ ಅಂತ ಹೆದರಿ ಚೆನ್ನಾಗಿರುವ ಕಾರನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ. ಕರ್ನಾಟಕದಲ್ಲಿ ಅಂಥ ನಿಷೇಧವಿಲ್ಲ. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸಿ ತಪಾಸಣೆಯಲ್ಲಿ ಪಾಸಾದರೆ ಮುಂದಿನ ಐದು ವರ್ಷ ನಿಮ್ಮದು. ಆದರೆ ಶುಲ್ಕ ಏರಿದೆ. 2025ರ ಆಗಸ್ಟಿನ ತಿದ್ದುಪಡಿಯ ಪ್ರಕಾರ 20 ವರ್ಷ ದಾಟಿದ ಕಾರಿಗೆ 10,000 ರೂಪಾಯಿ, ಆಮದಾದ ಕಾರಿಗೆ 80,000. ಅವಧಿ ಮುಗಿದ ಮೇಲೆ ಸುಮ್ಮನಿದ್ದರೆ ತಿಂಗಳಿಗೆ 500 ರೂಪಾಯಿಯಂತೆ ಹೆಚ್ಚುವರಿ ಶುಲ್ಕ. ಇವನದು ಅರುವತ್ತು ತಿಂಗಳು, ಅಂದರೆ 30,000. ಕಾರು ಕೊಂಡ ದುಡ್ಡಿನ ಪಕ್ಕದಲ್ಲಿ ಈ 40,000 ಇಟ್ಟು ನೋಡಿ ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಾಲೀಕರ ಹೆಸರಿನ ವಿಷಯವೂ ಸಣ್ಣದಲ್ಲ. ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ನಮೂನೆ 29 ಮತ್ತು 30. ಹೆಸರು ಬದಲಾಗದೆ ಕಾರು ಯಾರಿಗಾದರೂ ಗುದ್ದಿದರೆ ಹೊಣೆ ಆರ್‌ಸಿಯಲ್ಲಿ ಹೆಸರಿರುವವರದೇ. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಹಳೆ ಕಾರು ಮಾರಿ 'ಸಹಿ ಹಾಕಿ ಕೊಟ್ಟಾಯ್ತಲ್ಲ' ಎಂದು ನೆಮ್ಮದಿಯಾಗಿರುವವರು ಈ ಸಾಲನ್ನು ಇನ್ನೊಮ್ಮೆ ಓದಲಿ. ಸಾಲ ತೀರಿದ್ದರೂ ಹೈಪೋತಿಕೇಶನ್ ತೆಗೆಸದೆ ಬಿಟ್ಟಿದ್ದರೆ ಬ್ಯಾಂಕಿನ ಸಹಿಯಿರುವ ನಮೂನೆ 35 ಬೇಕು. ಬೇರೆ ರಾಜ್ಯದ ಗಾಡಿಯಾದರೆ ಅಲ್ಲಿನ ಎನ್‌ಒಸಿ, ನಮೂನೆ 28. ಇಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಹೊಸ ನಂಬರು, ಜೊತೆಗೆ ನಮ್ಮ ರಾಜ್ಯದ ತೆರಿಗೆ.

ಕಾಗದ ನೋಡಿದ ಮೇಲೆ ಟಾರ್ಚ್ ಹಿಡಿದು ಎಂಜಿನ್ ಗೂಡಿನೊಳಗೆ ಬಗ್ಗಿದೆವು. ಹಿಂಗೋಡೆಯ ಮೇಲೆ ಚಾಸಿ ನಂಬರ್ ಕೊರೆದಿದೆ. ಎರಡು ಅಂಕಿಗಳ ಮೇಲೆ ತುಕ್ಕು. ಹುಡುಗನ ಕೈಯಲ್ಲಿ ಉಪ್ಪುಕಾಗದ ಸಿದ್ಧವಾಗಿತ್ತು! ಕೈ ಹಿಡಿದು ನಿಲ್ಲಿಸಿದೆ. ಟಿಂಕರಿಂಗ್ ಮಾಡುವವರು ಒಳ್ಳೆಯ ಮನಸ್ಸಿನಿಂದಲೇ ಉಜ್ಜಿ, ಪುಟ್ಟಿ ಬಳಿದು ನಂಬರ್ ಅಳಿಸಿಬಿಡುತ್ತಾರೆ. ಅಳಿದ ನಂಬರನ್ನು ನೀವೇ ಪಂಚ್ ಮಾಡಿಸಿದಿರೋ, ಕಾರು ಕದ್ದದ್ದಲ್ಲ ಎಂದು ಸಾಬೀತು ಮಾಡುವ ಕೆಲಸ ನಿಮ್ಮ ತಲೆಗೆ ಬರುತ್ತದೆ. ಬಿಚ್ಚುವ ಮೊದಲೇ ಪೆನ್ಸಿಲ್ ಪ್ರಿಂಟ್ ತೆಗೆದಿಡಿ, ದಿನಾಂಕ ಕಾಣುವಂತೆ ಫೋಟೊ ಹಿಡಿಯಿರಿ, ಆ ಜಾಗಕ್ಕೆ ಟೇಪ್ ಅಂಟಿಸಿ. ತುಕ್ಕಿಗೆ ನಂಬರ್ ಕಾಣದಂತಾಗಿದ್ದರೆ ಲಿಖಿತ ಅರ್ಜಿ ಹಿಡಿದು ಆರ್‌ಟಿಒ ಹತ್ತಿರವೇ ಹೋಗಿ.

ಈಗ ಎಂಜಿನ್. ಮೋಟಾರು ವಾಹನ ಕಾಯ್ದೆ 1988ರ ಕಲಂ 52 ಹೇಳುವುದು ಇಷ್ಟು: ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸಬಾರದು. ವಾಹನದ ಮೂಲ ಲಕ್ಷಣವೇ ಬೇರೆಯಾಗುವಂತೆ ಅದರ ರಚನೆ ಬದಲಿಸುವುದು 'ಮಾರ್ಪಾಡು'. 2019ರ ಜನವರಿ 9ರಂದು ಕೆ. ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದು, ಸಡಿಲ ಅರ್ಥ ಕೊಟ್ಟಿದ್ದ ಕೇರಳ ಹೈಕೋರ್ಟಿನ ತೀರ್ಪನ್ನು ಬದಿಗಿಟ್ಟಿತು. ಕೆಟ್ಟ ಎಂಜಿನ್ನಿನ ಜಾಗಕ್ಕೆ ಅದೇ ಕಂಪನಿಯ, ಅದೇ ಬಗೆಯ ಎಂಜಿನ್ ಕೂರಿಸಬಹುದು, ಆರ್‌ಟಿಒ ಒಪ್ಪಿಗೆ ಪಡೆದು. ಆ ಎಂಜಿನ್ನಿನ ಬಿಲ್ಲು, ಅದು ಎಲ್ಲಿಂದ ಬಂತೆಂಬ ಕಾಗದ ಕೈಯಲ್ಲಿರಲಿ, ಹೊಸ ನಂಬರ್ ಆರ್‌ಸಿಗೆ ಏರಲಿ. ಹುಡುಗ ಹೇಳಿದ ಹಾಫ್ ಕಟ್ ಬೇರೆ ಬಗೆಯ, ದೊಡ್ಡ ಎಂಜಿನ್. ಅದಕ್ಕೆ ಒಪ್ಪಿಗೆ ಸಿಗುವ ದಾರಿ ನನಗಂತೂ ಕಾಣಲಿಲ್ಲ.

ಕಾನೂನಿಗೆ ರಿಪೇರಿಯ ಮೇಲೆ ಸಿಟ್ಟಿಲ್ಲ. ತುಕ್ಕು ಕತ್ತರಿಸಿ ಅದೇ ಆಕಾರದ ತಗಡು ಬೆಸೆಯಿರಿ, ಪಿಸ್ಟನ್ ರಿಂಗ್ ಹಾಕಿ, ಗೇರ್‌ಬಾಕ್ಸ್ ಬಿಚ್ಚಿ ಜೋಡಿಸಿ, ಒಣಗಿದ ಪೆಟ್ರೋಲ್ ಹೋಸುಗಳನ್ನು ಈಗಿನ ಇ20 ಪೆಟ್ರೋಲಿಗೆ ತಾಳುವಂಥವಕ್ಕೆ ಬದಲಿಸಿ, ಸೀಟಿಗೆ ಹೊಸ ಬಟ್ಟೆ ಹೊಲಿಸಿ, ಸ್ಟೀರಿಯೊ ಹಾಕಿ. ಯಾರ ಅಪ್ಪಣೆಯೂ ಬೇಡ. ಬಣ್ಣ ಬದಲಿಸುವುದಾದರೆ ಮಾತ್ರ ಮೊದಲು ತಿಳಿಸಿ, ಏಕೆಂದರೆ ಬಣ್ಣವೂ ಆರ್‌ಸಿಯಲ್ಲಿ ಬರೆದಿರುತ್ತದೆ. ಛಾವಣಿ ಕತ್ತರಿಸುವುದು, ಮಡ್‌ಗಾರ್ಡಿನ ಹೊರಗೆ ಚಾಚುವ ಟಯರು, ಕೆಳಕ್ಕಿಳಿಸಿ ಕತ್ತರಿಸಿದ ಸ್ಪ್ರಿಂಗು, ತೂತು ಸೈಲೆನ್ಸರ್ ಇವೆಲ್ಲ ಇನ್ನೊಂದು ಕಡೆಯವು. ಕಲಂ 182ಎ(4)ರಲ್ಲಿ ಅನುಮತಿಯಿಲ್ಲದ ಮಾರ್ಪಾಡು ಒಂದೊಂದಕ್ಕೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. 'ಒಂದೊಂದಕ್ಕೂ' ಎಂಬ ಮಾತನ್ನು ಗಮನಿಸಿ. ಸದ್ದು, ಹೊಗೆಯ ಮಿತಿ ಮೀರಿದರೆ ಕಲಂ 190(2)ರಲ್ಲಿ ಬೇರೆಯೇ ಶಿಕ್ಷೆ: 10,000 ರೂಪಾಯಿವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ.

ಹೀಗೆ ಕೂಡಿದ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು 2026ರ ಜನವರಿಯಲ್ಲಿ ಉತ್ತರ ಬೆಂಗಳೂರು ನೋಡಿತು. ಕೇರಳದ ವಿದ್ಯಾರ್ಥಿಯೊಬ್ಬ ತಂದಿದ್ದ ಹಳೆಯ ಹೋಂಡಾ ಸಿಟಿ, ಸೈಲೆನ್ಸರಿನಿಂದ ಬೆಂಕಿ ಉಗುಳುತ್ತಿದ್ದ ವಿಡಿಯೊ ಹರಿದಾಡಿ ಪೊಲೀಸರ ಕೈಗೆ ಸಿಕ್ಕಿತು. ಆರ್‌ಟಿಒ ವಿಧಿಸಿದ ದಂಡ 1 ಲಕ್ಷದ 11 ಸಾವಿರ ದಾಟಿತ್ತು. ಕಾರಿನ ಬೆಲೆಗಿಂತ ದಂಡವೇ ಭಾರ. ಯಲಹಂಕ ವಾಯುನೆಲೆಯ ವಿಮಾನಗಳು ತಲೆಯ ಮೇಲೆ ಹಾರುವ ಊರು ನಮ್ಮದು, ಸದ್ದು ನಮಗೆ ಹೊಸದಲ್ಲ. ಆದರೆ ಆ ವಿನಾಯಿತಿ ಸೈಲೆನ್ಸರಿಗೆ ಸಿಗುವುದಿಲ್ಲ.

ಇನ್ನು ವಿಮೆ. ಮಾರ್ಪಾಡು ಮುಚ್ಚಿಟ್ಟರೆ ನಿಮ್ಮ ಕಾರಿನ ನಷ್ಟದ ಕ್ಲೇಮನ್ನು ಕಂಪನಿ ತಳ್ಳಿಹಾಕಬಹುದು. ಗಾಯಗೊಂಡ ಮೂರನೆಯವರಿಗೆ ಕೊಟ್ಟ ದುಡ್ಡನ್ನು ನಿಮ್ಮಿಂದ ವಸೂಲು ಮಾಡಲು ಬಂದರೂ ಆಶ್ಚರ್ಯವಿಲ್ಲ. ಏನೇ ಬದಲಿಸಿದರೂ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ.

ನಿಜವಾಗಿ 50 ವರ್ಷ ದಾಟಿದ ಕಾರು ನಿಮ್ಮಲ್ಲಿದ್ದರೆ 2021ರ ವಿಂಟೇಜ್ ನಿಯಮಗಳ ದಾರಿಯಿದೆ. 'ವಿಎ' ಅಕ್ಷರಗಳ ನಂಬರು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ. ಹಳೆಯ ನಂಬರಿದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಮೂರನೆಯವರ ವಿಮೆಯ ಕಂತಿನಲ್ಲಿ ಅರ್ಧ ರಿಯಾಯಿತಿ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು, ಮತ್ತು ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ ಇಂಥವಕ್ಕಷ್ಟೇ ರಸ್ತೆಗಿಳಿಸಬಹುದು. ದಿನಾ ಆಫೀಸಿಗೆ ಹೋಗೋಕಲ್ಲ.

ಮನೆಯಲ್ಲಿ ಕೆಲಸ ಮಾಡುವವರು ನೆರೆಯವರನ್ನೂ ನೆನೆಯಬೇಕು. ವಸತಿ ಪ್ರದೇಶದಲ್ಲಿ ಸದ್ದಿನ ಮಿತಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್. ಗ್ರೈಂಡರ್ ಹಿಡಿದರೆ ರಾತ್ರಿ ಅದು ದಾಟಿಯೇ ದಾಟುತ್ತದೆ. ಲೈಸೆನ್ಸ್ ಇಲ್ಲದೆ ಇಡಬಹುದಾದ ಪೆಟ್ರೋಲ್ ಒಟ್ಟು 30 ಲೀಟರ್, ಅದೂ 25 ಲೀಟರ್ ಮೀರದ, ಬಿಗಿ ಮುಚ್ಚಳದ ಲೋಹದ ಡಬ್ಬಿಗಳಲ್ಲಿ. ಸುಟ್ಟ ಎಂಜಿನ್ ಆಯಿಲನ್ನು ಚರಂಡಿಗೆ ಸುರಿಯಬೇಡಿ. ಸ್ವಂತ ಕಾರಿಗೆ ಶೆಡ್ಡು ಸಾಕು. ಗೆಳೆಯರ ಕಾರಿಗೆ ದುಡ್ಡು ತೆಗೆದುಕೊಂಡಿರೋ, ಅದು ಗ್ಯಾರೇಜು. ಪುರಸಭೆಯ ಉದ್ದಿಮೆ ಪರವಾನಗಿ ಬೇಕು.

ನಿಮ್ಮ ಹಕ್ಕುಗಳೂ ಇವೆ. ದಾಖಲೆ ಕೇಳಿದರೆ ಡಿಜಿಲಾಕರ್ ಅಥವಾ ಎಂ-ಪರಿವಾಹನದಲ್ಲಿ ತೋರಿಸಿದರೆ ಸಾಕು. ದಂಡ ತಪ್ಪೆನಿಸಿದರೆ ಸ್ಥಳದಲ್ಲೇ ಕಟ್ಟಬೇಕೆಂದಿಲ್ಲ, ಕೋರ್ಟಿನಲ್ಲಿ ಪ್ರಶ್ನಿಸಬಹುದು. ಗಾಡಿ ವಶಕ್ಕೆ ತೆಗೆದುಕೊಂಡರೆ ಬರಹದ ರಸೀದಿ ಕೇಳಿ. ಆರ್‌ಟಿಒ ಕೆಲಸ ಸಕಾಲ ಕಾಯ್ದೆಯಡಿ ಬಂದಿದ್ದರೆ ಸ್ವೀಕೃತಿ ಸಂಖ್ಯೆ ಪಡೆಯಿರಿ. ತಡವಾದರೆ ದಿನಕ್ಕೆ 20ರಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು, ಆದರೆ ಆ ಸಂಖ್ಯೆ ಕಂಡರೆ ಕಡತ ಮೇಜು ಬಿಟ್ಟು ಏಳುತ್ತದೆ.

ಮುಂಗಡ ತೆಗೆದುಕೊಂಡು ಕಾರು ಬಿಚ್ಚಿಟ್ಟು ವರ್ಷಗಟ್ಟಲೆ ಸತಾಯಿಸುವ ಪೇಂಟರ್, ಮೆಕ್ಯಾನಿಕ್ಕುಗಳ ಮೇಲೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಿ. ನೀವು ವಾಸಿಸುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಹಾಯವಾಣಿ 1915. ಬಿಲ್ಲಿಲ್ಲದೆ ನಗದು ಕೊಟ್ಟವರ ಬಾಯಿ ಮಾತ್ರ ಆಯೋಗದಲ್ಲಿ ಕಟ್ಟಿಹೋಗುತ್ತದೆ. ವಾಟ್ಸಾಪಿನಲ್ಲಾದರೂ ಒಪ್ಪಂದ ಬರೆಸಿಕೊಳ್ಳಿ.

ಹುಡುಗ ಹಾಫ್ ಕಟ್ ಆಸೆ ಬಿಟ್ಟು, ಚಾಪೆಯ ಮೇಲಿದ್ದ ಎಂಜಿನ್ನಿಗೇ ರಿಂಗ್ ಹಾಕಿಸುತ್ತೇನೆ ಅಂದ. ಅವನಿಗೆ ಹೇಳಿದ ಕೊನೆಯ ಮಾತನ್ನೇ ನಿಮಗೂ ಹೇಳುತ್ತೇನೆ. ಕಂಪನಿಯ ಹಳೆಯ ಸೈಲೆನ್ಸರ್ ಬಿಚ್ಚಿಟ್ಟಿದ್ದರೆ ಗುಜರಿಗೆ ತೂಕಕ್ಕೆ ಹಾಕಬೇಡಿ. ಬ್ರೇಕ್ ಇನ್‌ಸ್ಪೆಕ್ಟರ್ ಮುಂದೆ ಗಾಡಿ ನಿಲ್ಲಿಸುವ ದಿನ ಬೇಕಾಗುವುದು ಅದೇ.