ತೆರಿಗೆಯ ಅಧಿಕಾರವಿಲ್ಲದ ಒಕ್ಕೂಟ: ಅಮೆರಿಕದ ಮೊದಲ ಸಂವಿಧಾನದ ಗುಣ-ದೋಷಗಳು

ಅಮೆರಿಕ ಸಂಯುಕ್ತ ಸಂಸ್ಥಾನಗಳ ಸಂವಿಧಾನವೆಂದರೆ 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಚಿತವಾದ ದಾಖಲೆ ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ಅದು ಆ ದೇಶದ ಎರಡನೆಯ ಸಂವಿಧಾನ. ಮೊದಲನೆಯದರ ಹೆಸರು 'ಆರ್ಟಿಕಲ್ಸ್ ಆಫ್ ಕಾನ್ಫೆಡರೇಷನ್', ಅಂದರೆ ಒಕ್ಕೂಟದ ಕರಾರು ವಿಧಿಗಳು. 1781ರಿಂದ 1789ರವರೆಗೆ ಕೇವಲ ಎಂಟು ವರ್ಷ ಜಾರಿಯಲ್ಲಿದ್ದ ಈ ಸಂವಿಧಾನವು ಶತ್ರುಗಳ ದಾಳಿಯಿಂದ ಕುಸಿಯಲಿಲ್ಲ. ಖಜಾನೆ ಬರಿದಾದುದರಿಂದ ಮತ್ತು ವ್ಯಾಪಾರಕ್ಕೆ ದೇಶವ್ಯಾಪಿಯಾದ ಏಕರೂಪ ನಿಯಮವಿಲ್ಲದುದರಿಂದ ಕುಸಿಯಿತು. ಈ ಕಾರಣದಿಂದಲೇ ಅದರ ಗುಣ-ದೋಷಗಳ ಪರಿಶೀಲನೆಯು ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಉಪಯುಕ್ತವಾಗಿದೆ.

ರಚನೆಯ ಹಿನ್ನೆಲೆ

1776ರ ಜುಲೈ 4ರಂದು ಹದಿಮೂರು ವಸಾಹತುಗಳು ಬ್ರಿಟನ್ನಿನಿಂದ ಸ್ವಾತಂತ್ರ್ಯವನ್ನು ಘೋಷಿಸಿದವು. ಜಾನ್ ಡಿಕಿನ್ಸನ್ ಅವರ ನೇತೃತ್ವದ ಸಮಿತಿಯು ಅದೇ ವರ್ಷ ಒಕ್ಕೂಟದ ಕರಡನ್ನು ಸಿದ್ಧಪಡಿಸಿತು. ರಾಜ್ಯಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಅದನ್ನು ಸಾಕಷ್ಟು ತಿದ್ದಿ 1777ರ ನವೆಂಬರ್ 15ರಂದು ಅಂಗೀಕರಿಸಿತು. ಆದರೆ ಹದಿಮೂರು ರಾಜ್ಯಗಳೂ ಒಪ್ಪಬೇಕಾಗಿತ್ತು. ಪಶ್ಚಿಮದ ವಿಸ್ತಾರವಾದ ಭೂಮಿಯ ಮೇಲೆ ವರ್ಜೀನಿಯಾದಂತಹ ರಾಜ್ಯಗಳು ಹೊಂದಿದ್ದ ಹಕ್ಕುದಾರಿಕೆಯನ್ನು ಬಿಟ್ಟುಕೊಡುವ ತನಕ ಮೇರಿಲ್ಯಾಂಡ್ ಸಹಿ ಹಾಕಲು ನಿರಾಕರಿಸಿತು. ಹೀಗಾಗಿ ಸಂವಿಧಾನವು ಜಾರಿಗೆ ಬಂದದ್ದು 1781ರ ಮಾರ್ಚ್ 1ರಂದು.

ದೂರದ ಲಂಡನ್ನಿನ ಸಂಸತ್ತು ತಮ್ಮನ್ನು ಕೇಳದೆ ತೆರಿಗೆ ಹಾಕಿತೆಂಬುದೇ ಈ ಜನರ ಹೋರಾಟದ ಮೂಲ ಕಾರಣ. ಅಂತಹವರು ತಮ್ಮದೇ ಆದ ಮತ್ತೊಂದು ಕೇಂದ್ರಕ್ಕೆ ತೆರಿಗೆಯ ಅಧಿಕಾರವನ್ನು ಕೊಡಲು ಹಿಂಜರಿದುದು ಸಹಜ. ಎರಡನೆಯ ವಿಧಿಯು ಪ್ರತಿ ರಾಜ್ಯದ ಸಾರ್ವಭೌಮತ್ವವನ್ನು ಸ್ಪಷ್ಟವಾಗಿ ಉಳಿಸಿತು. ಕಾಂಗ್ರೆಸ್ಸಿನಲ್ಲಿ ಪ್ರತಿ ರಾಜ್ಯಕ್ಕೆ ಒಂದೇ ಮತ. 1790ರ ಜನಗಣತಿಯಂತೆ ಸುಮಾರು ಏಳೂವರೆ ಲಕ್ಷ ಜನರಿದ್ದ ವರ್ಜೀನಿಯಾಕ್ಕೂ ಸುಮಾರು 59 ಸಾವಿರ ಜನರಿದ್ದ ಡೆಲವೇರ್‌ಗೂ ಸಮಾನ ಸ್ಥಾನವಿತ್ತು. ಯುದ್ಧ, ಒಪ್ಪಂದ, ಸಾಲ ಮುಂತಾದ ಮುಖ್ಯ ವಿಷಯಗಳಿಗೆ ಒಂಬತ್ತು ರಾಜ್ಯಗಳ ಒಪ್ಪಿಗೆ ಬೇಕು. ಸಂವಿಧಾನದ ತಿದ್ದುಪಡಿಗೆ ಹದಿಮೂರೂ ರಾಜ್ಯಗಳ ಒಪ್ಪಿಗೆ ಬೇಕು.

ಗುಣಗಳು

ಈ ಸಂವಿಧಾನವನ್ನು ಸಂಪೂರ್ಣ ವಿಫಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದರ ಅಡಿಯಲ್ಲಿಯೇ ಯುದ್ಧವು ಮುಕ್ತಾಯಗೊಂಡು 1783ರ ಸೆಪ್ಟೆಂಬರ್ 3ರಂದು ಪ್ಯಾರಿಸ್ ಒಪ್ಪಂದವಾಯಿತು. ನಾಲ್ಕನೆಯ ವಿಧಿಯು ಒಂದು ರಾಜ್ಯದ ಪ್ರಜೆಗೆ ಇನ್ನೊಂದು ರಾಜ್ಯದಲ್ಲಿ ಹೋಗಿಬರುವ ಮತ್ತು ಅಲ್ಲಿನ ಪ್ರಜೆಗಳಿಗೆ ಸಮನಾಗಿ ವ್ಯಾಪಾರ ಮಾಡುವ ಹಕ್ಕನ್ನು ನೀಡಿತ್ತು.

ಭೂಮಿಯ ವಿಷಯದಲ್ಲಂತೂ ಈ ಸರ್ಕಾರದ ಸಾಧನೆ ದೊಡ್ಡದು. 1785ರ ಭೂ ಶಾಸನವು ಪಶ್ಚಿಮದ ಭೂಮಿಯನ್ನು ಆರು ಮೈಲಿ ಚದರದ ಘಟಕಗಳಾಗಿಯೂ ಪ್ರತಿ ಘಟಕವನ್ನು 640 ಎಕರೆಯ 36 ಭಾಗಗಳಾಗಿಯೂ ಅಳೆದು, ಎಕರೆಗೆ ಕನಿಷ್ಠ ಒಂದು ಡಾಲರ್ ದರದಲ್ಲಿ ಹರಾಜು ಮಾಡುವ ಕ್ರಮವನ್ನು ತಂದಿತು. ಪ್ರತಿ ಘಟಕದ 16ನೆಯ ಭಾಗವನ್ನು ಶಾಲೆಗೆಂದು ಕಾದಿರಿಸಲಾಯಿತು. 1787ರ ವಾಯವ್ಯ ಶಾಸನವು ಹೊಸ ಪ್ರದೇಶಗಳಲ್ಲಿ 60 ಸಾವಿರ ಸ್ವತಂತ್ರ ನಿವಾಸಿಗಳಾದಾಗ ಹಳೆಯ ರಾಜ್ಯಗಳಿಗೆ ಸಮಾನವಾದ ರಾಜ್ಯಸ್ಥಾನವನ್ನು ನೀಡುವುದಾಗಿ ವಚನವಿತ್ತಿತು; ಅಲ್ಲಿ ಗುಲಾಮಗಿರಿಯನ್ನೂ ನಿಷೇಧಿಸಿತು. ತನ್ನ ಸ್ವಂತ ಸ್ವಾಧೀನದಲ್ಲಿದ್ದ ಆಸ್ತಿಯನ್ನು ಈ ಸರ್ಕಾರವು ಸಮರ್ಥವಾಗಿಯೇ ನಿರ್ವಹಿಸಿತು. ಇತರರು ಕೊಡಬೇಕಾದುದನ್ನು ವಸೂಲು ಮಾಡುವುದು ಮಾತ್ರ ಅದಕ್ಕೆ ಸಾಧ್ಯವಾಗಲಿಲ್ಲ.

ಮೊದಲ ದೋಷ: ಹೊಣೆಯುಂಟು, ಆದಾಯವಿಲ್ಲ

ಎಂಟನೆಯ ವಿಧಿಯ ಪ್ರಕಾರ ಒಕ್ಕೂಟದ ವೆಚ್ಚವನ್ನು ರಾಜ್ಯಗಳು ತಮ್ಮ ಭೂಮಿ ಮತ್ತು ಕಟ್ಟಡಗಳ ಮೌಲ್ಯಕ್ಕೆ ಅನುಗುಣವಾಗಿ ಭರಿಸಬೇಕಿತ್ತು. ಆದರೆ ತೆರಿಗೆ ವಿಧಿಸುವವರು ರಾಜ್ಯ ಶಾಸಕಾಂಗಗಳು. ಕಾಂಗ್ರೆಸ್ ಬೇಡಿಕೆ ಪತ್ರವನ್ನು ಕಳುಹಿಸಬಹುದಿತ್ತೇ ಹೊರತು ಕೊಡದವರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳುವಂತಿರಲಿಲ್ಲ. ಪಾಲುದಾರಿಕೆ ಪತ್ರದಲ್ಲಿ ಪ್ರತಿಯೊಬ್ಬರ ಬಂಡವಾಳದ ಪಾಲನ್ನು ಬರೆದು, ಅದನ್ನು ಕೊಡುವುದು ಬಿಡುವುದು ಅವರವರ ಇಷ್ಟವೆಂದು ಸೇರಿಸಿದರೆ ಆ ಸಂಸ್ಥೆಯ ಗತಿ ಏನಾಗುವುದೋ ಈ ಒಕ್ಕೂಟದ ಗತಿಯೂ ಅದೇ ಆಯಿತು. ಪಾಲು ಕೊಟ್ಟವನಿಗೆ ವಿಶೇಷ ಲಾಭವಿಲ್ಲ, ಕೊಡದವನಿಗೆ ನಷ್ಟವಿಲ್ಲ. ಕ್ರಮೇಣ ಕೊಡುತ್ತಿದ್ದವರೂ ಹಿಂದೆ ಸರಿದರು.

ಪರಿಣಾಮಗಳು ತೀವ್ರವಾಗಿದ್ದವು. 1783ರ ಜೂನ್‌ನಲ್ಲಿ ವೇತನ ದೊರೆಯದ ಸೈನಿಕರು ಫಿಲಡೆಲ್ಫಿಯಾದಲ್ಲಿ ಸಭಾಭವನವನ್ನೇ ಸುತ್ತುವರಿದಾಗ ಕಾಂಗ್ರೆಸ್ ಪ್ರಿನ್ಸ್‌ಟನ್ ಊರಿಗೆ ಸ್ಥಳಾಂತರಗೊಳ್ಳಬೇಕಾಯಿತು. 1785ರಲ್ಲಿ ಫ್ರಾನ್ಸಿನ ಸಾಲದ ಬಡ್ಡಿ ಪಾವತಿಯೇ ನಿಂತುಹೋಯಿತು.

ಪರಿಹಾರವೇನೂ ಕಠಿಣವಾಗಿರಲಿಲ್ಲ. ಆಮದಿನ ಮೇಲೆ ಶೇಕಡಾ 5ರ ಸುಂಕವನ್ನು ಕಾಂಗ್ರೆಸ್ಸಿಗೆ ಬಿಟ್ಟುಕೊಡುವ ಪ್ರಸ್ತಾವ 1781ರಲ್ಲಿಯೇ ಬಂದಿತ್ತು. 1782ರಲ್ಲಿ ಅತಿ ಚಿಕ್ಕ ರಾಜ್ಯವಾದ ರೋಡ್ ಐಲೆಂಡ್ ಅದನ್ನು ತಿರಸ್ಕರಿಸಿತು. 1783ರಲ್ಲಿ ಪ್ರಸ್ತಾವವನ್ನು ಮಾರ್ಪಡಿಸಿ ಮತ್ತೆ ಕಳುಹಿಸಲಾಯಿತು. ಬಂದರಿನ ಸುಂಕದಿಂದ ಉತ್ತಮ ಆದಾಯ ಪಡೆಯುತ್ತಿದ್ದ ನ್ಯೂಯಾರ್ಕ್ 1786ರಲ್ಲಿ ಅದಕ್ಕೂ ತಡೆಯೊಡ್ಡಿತು. ಎರಡು ಬಾರಿಯೂ ಒಂದೊಂದು ರಾಜ್ಯದ ಅಸಮ್ಮತಿಯೇ ಇಡೀ ದೇಶದ ಹಣಕಾಸು ಸುಧಾರಣೆಯನ್ನು ನಿಲ್ಲಿಸಿತು.

ಎರಡನೆಯ ದೋಷ: ವ್ಯಾಪಾರಕ್ಕೆ ಏಕರೂಪ ನಿಯಮವಿಲ್ಲ

ವಿದೇಶಿ ವ್ಯಾಪಾರವನ್ನಾಗಲೀ ಅಂತರರಾಜ್ಯ ವ್ಯಾಪಾರವನ್ನಾಗಲೀ ನಿಯಂತ್ರಿಸುವ ಅಧಿಕಾರ ಕಾಂಗ್ರೆಸ್ಸಿಗಿರಲಿಲ್ಲ. 1783ರಲ್ಲಿ ಬ್ರಿಟನ್ ತನ್ನ ವೆಸ್ಟ್ ಇಂಡೀಸ್ ದ್ವೀಪಗಳ ವ್ಯಾಪಾರದಿಂದ ಅಮೆರಿಕದ ಹಡಗುಗಳನ್ನು ಹೊರಗಿಟ್ಟಿತು. ಪ್ರತಿಯಾಗಿ ಮ್ಯಾಸಚೂಸೆಟ್ಸ್ ಮುಂತಾದ ರಾಜ್ಯಗಳು 1785ರಲ್ಲಿ ಬ್ರಿಟಿಷ್ ಹಡಗುಗಳ ಮೇಲೆ ನಿರ್ಬಂಧ ಹೇರಿದವು. ಆದರೆ ನಿರ್ಬಂಧವಿಲ್ಲದ ನೆರೆರಾಜ್ಯದ ಬಂದರು ತೆರೆದೇ ಇದ್ದುದರಿಂದ ಸರಕು ಆ ದಾರಿಯಲ್ಲಿ ಒಳಬಂದಿತು. ಹದಿಮೂರು ಬಾಗಿಲುಗಳ ಮನೆಗೆ ಒಂದೆರಡು ಬಾಗಿಲಿಗೆ ಮಾತ್ರ ಬೀಗ ಹಾಕಿದಂತಾಯಿತು.

ದೇಶದೊಳಗಿನ ಸ್ಥಿತಿಯನ್ನು ನ್ಯೂಜೆರ್ಸಿಯ ಉದಾಹರಣೆ ಚೆನ್ನಾಗಿ ತೋರಿಸುತ್ತದೆ. ಆ ರಾಜ್ಯಕ್ಕೆ ಬೇಕಾದ ವಿದೇಶಿ ಸರಕಿನ ಬಹುಪಾಲು ನ್ಯೂಯಾರ್ಕ್ ಮತ್ತು ಫಿಲಡೆಲ್ಫಿಯಾ ಬಂದರುಗಳ ಮೂಲಕ ಬರುತ್ತಿತ್ತು. ಬಂದರಿನಲ್ಲಿ ವಿಧಿಸಿದ ಸುಂಕ ಸರಕಿನ ಬೆಲೆಯಲ್ಲಿ ಸೇರುತ್ತಿತ್ತು. ಅದನ್ನು ಭರಿಸುವವನು ನ್ಯೂಜೆರ್ಸಿಯ ಗ್ರಾಹಕ. ಅದು ಸೇರುತ್ತಿದ್ದುದು ನೆರೆರಾಜ್ಯದ ಖಜಾನೆಗೆ. ಎರಡೂ ತುದಿಗಳಲ್ಲಿ ತೂತು ಕೊರೆದ ಪೀಪಾಯಿಗೆ ಆ ರಾಜ್ಯವನ್ನು ಹೋಲಿಸಲಾಗುತ್ತಿತ್ತು. 1786ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯು ಕಾಂಗ್ರೆಸ್ಸಿನ ಬೇಡಿಕೆಯನ್ನು ಪಾವತಿಸಲು ನಿರಾಕರಿಸಿತು.

ಮೂರನೆಯ ದೋಷ: ನಾಣ್ಯ ಮತ್ತು ಸಾಲದ ಅಭದ್ರತೆ

ಯುದ್ಧಕಾಲದಲ್ಲಿ ಕಾಂಗ್ರೆಸ್ ಮುದ್ರಿಸಿದ ನೋಟಿನ ಬೆಲೆ ಎಷ್ಟು ಕುಸಿಯಿತೆಂದರೆ 1780ರ ಮಾರ್ಚ್‌ನಲ್ಲಿ ಕಾಂಗ್ರೆಸ್ಸೇ ಅದನ್ನು 40 ನೋಟಿಗೆ ಒಂದು ಬೆಳ್ಳಿ ಡಾಲರಿನಂತೆ ಲೆಕ್ಕ ಹಿಡಿಯಬೇಕಾಯಿತು. 1781ರ ಸಂವಿಧಾನವು ಬಂದ ಮೇಲೂ ನೋಟು ಹೊರಡಿಸುವ ಅಧಿಕಾರ ರಾಜ್ಯಗಳಲ್ಲಿಯೂ ಉಳಿಯಿತು. 1786ರಲ್ಲಿ ರೋಡ್ ಐಲೆಂಡ್ ಕಾಗದದ ಹಣವನ್ನು ಹೊರಡಿಸಿ, ಅದನ್ನು ಮುಖಬೆಲೆಗೆ ಸ್ವೀಕರಿಸದವರಿಗೆ ದಂಡ ವಿಧಿಸುವ ಕಾನೂನನ್ನೂ ಮಾಡಿತು. ಹೀಗೆ ಸಾಲ ಕೊಟ್ಟವರು ನಷ್ಟಕ್ಕೊಳಗಾದರು.

ಮ್ಯಾಸಚೂಸೆಟ್ಸ್ ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿಯಿತು. ಯುದ್ಧದ ಸಾಲ ತೀರಿಸಲು ಭಾರಿ ತೆರಿಗೆಯನ್ನು ವಿಧಿಸಿ ಕಟ್ಟುನಿಟ್ಟಾಗಿ ವಸೂಲು ಮಾಡತೊಡಗಿತು. ಕೈಯಲ್ಲಿ ನಾಣ್ಯವಿಲ್ಲದ ಪಶ್ಚಿಮ ಭಾಗದ ರೈತರು ಭೂಮಿಯನ್ನು ಕಳೆದುಕೊಳ್ಳುವ ಸ್ಥಿತಿಗೆ ಬಂದು, 1786ರ ಆಗಸ್ಟ್‌ನಿಂದ ನ್ಯಾಯಾಲಯಗಳನ್ನೇ ಮುಚ್ಚಿಸತೊಡಗಿದರು. ಯುದ್ಧದಲ್ಲಿ ಸೇವೆ ಸಲ್ಲಿಸಿದ್ದ ಡೇನಿಯಲ್ ಶೇಸ್ ಅವರ ಹೆಸರಿನಿಂದ ಪ್ರಸಿದ್ಧವಾದ ಈ ದಂಗೆಯನ್ನು ಅಡಗಿಸಲು ಕಾಂಗ್ರೆಸ್ಸಿಗೆ ಶಕ್ತಿಯಿರಲಿಲ್ಲ. ಬೋಸ್ಟನ್ನಿನ ವರ್ತಕರು ಕೈಯಿಂದ ಹಣ ಕೊಟ್ಟು ರಾಜ್ಯದ ಪಡೆಯನ್ನು ಸಜ್ಜುಗೊಳಿಸಬೇಕಾಯಿತು. ದುರ್ಬಲ ಒಕ್ಕೂಟದ ಭಾರವನ್ನು ಒಂದು ಕಡೆ ಸಾಲ ಕೊಟ್ಟವನು, ಇನ್ನೊಂದು ಕಡೆ ಸಾಲ ಪಡೆದವನು ಹೊರುವಂತಾಯಿತು.

ಪರಿಹಾರದ ಹಾದಿ

ಪರಿವರ್ತನೆಯು ವ್ಯಾಪಾರದ ಮಾತುಕತೆಯಿಂದಲೇ ಆರಂಭವಾದುದು ಗಮನಾರ್ಹ. 1785ರಲ್ಲಿ ವರ್ಜೀನಿಯಾ ಮತ್ತು ಮೇರಿಲ್ಯಾಂಡ್ ರಾಜ್ಯಗಳು ಪೊಟೊಮ್ಯಾಕ್ ನದಿಯ ನೌಕಾ ಸಂಚಾರದ ಬಗ್ಗೆ ಒಪ್ಪಂದಕ್ಕೆ ಬಂದವು. 1786ರ ಸೆಪ್ಟೆಂಬರ್‌ನಲ್ಲಿ ಅನಾಪೊಲಿಸ್ ನಗರದಲ್ಲಿ ಎಲ್ಲ ರಾಜ್ಯಗಳ ವ್ಯಾಪಾರ ಸಮ್ಮೇಳನವನ್ನು ಕರೆಯಲಾಯಿತು. ಐದು ರಾಜ್ಯಗಳ ಹನ್ನೆರಡು ಪ್ರತಿನಿಧಿಗಳು ಮಾತ್ರ ಬಂದರು. ಅವರು ಸಂವಿಧಾನವನ್ನೇ ಪುನರ್‌ಪರಿಶೀಲಿಸಬೇಕೆಂದು ಶಿಫಾರಸು ಮಾಡಿದರು. ಅದರ ಫಲವೇ 1787ರ ಫಿಲಡೆಲ್ಫಿಯಾ ಅಧಿವೇಶನ.

ಹೊಸ ಸಂವಿಧಾನವು ಹಳೆಯ ದೋಷಗಳಿಗೆ ಒಂದೊಂದಾಗಿ ಉತ್ತರಿಸಿತು. ತೆರಿಗೆ ವಿಧಿಸುವ ಮತ್ತು ಅಂತರರಾಜ್ಯ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರ ಕಾಂಗ್ರೆಸ್ಸಿಗೆ ಬಂದಿತು. ರಾಜ್ಯಗಳು ನಾಣ್ಯ ಅಥವಾ ಕಾಗದದ ಹಣವನ್ನು ಹೊರಡಿಸುವುದನ್ನೂ ಕರಾರುಗಳ ಬಾಧ್ಯತೆಯನ್ನು ಕುಂದಿಸುವ ಕಾನೂನು ಮಾಡುವುದನ್ನೂ ನಿಷೇಧಿಸಲಾಯಿತು. ಜಾರಿಗೆ ಒಂಬತ್ತು ರಾಜ್ಯಗಳ ಒಪ್ಪಿಗೆಯೇ ಸಾಕೆಂದು ನಿಗದಿಪಡಿಸಿದುದರಿಂದ ಒಂದೇ ರಾಜ್ಯದ ತಡೆಯ ಹಕ್ಕು ಕೊನೆಗೊಂಡಿತು. ಹೊಸ ಸರ್ಕಾರದ ಮೊದಲ ಕಾನೂನುಗಳಲ್ಲಿ 1789ರ ಜುಲೈ 4ರ ಆಮದು ಸುಂಕ ಶಾಸನವೂ ಒಂದು. ರೋಡ್ ಐಲೆಂಡ್ ಕೊನೆಯದಾಗಿ 1790ರ ಮೇ 29ರಂದು ಒಪ್ಪಿಗೆ ನೀಡಿತು.

ಭಾರತದ ವರ್ತಕರಿಗೆ ಪ್ರಸ್ತುತತೆ

ಭಾರತದ ಸಂವಿಧಾನದ 301ನೆಯ ಅನುಚ್ಛೇದವು ದೇಶದಾದ್ಯಂತ ವ್ಯಾಪಾರ ಸ್ವಾತಂತ್ರ್ಯವನ್ನು ಘೋಷಿಸಿದೆ. ಆದರೂ ನ್ಯೂಜೆರ್ಸಿಯ ಸಮಸ್ಯೆಯ ಒಂದು ರೂಪ ನಮ್ಮಲ್ಲಿಯೂ ಬಹುಕಾಲ ಇತ್ತು. ಕೇಂದ್ರ ಮಾರಾಟ ತೆರಿಗೆಯನ್ನು ಭರಿಸುತ್ತಿದ್ದವನು ಕೊಳ್ಳುವ ರಾಜ್ಯದ ಗ್ರಾಹಕ. ಅದು ಉಳಿಯುತ್ತಿದ್ದುದು ಮಾರುವ ರಾಜ್ಯದಲ್ಲಿ. 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ರಾಜ್ಯದ ಪಾಲು ಬಳಕೆಯಾಗುವ ರಾಜ್ಯಕ್ಕೆ ಸಲ್ಲುತ್ತದೆ. ಕರ್ನಾಟಕದ ಪ್ರವೇಶ ತೆರಿಗೆಯೂ ಅದರಲ್ಲಿ ವಿಲೀನವಾಯಿತು.

ನಿರ್ಧಾರದ ವಿಧಾನವೂ ಗಮನಿಸತಕ್ಕದ್ದು. 279ಎ ಅನುಚ್ಛೇದದ ಅಡಿಯ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೆಯ ಒಂದು, ಎಲ್ಲ ರಾಜ್ಯಗಳ ಮತಗಳಿಗೆ ಒಟ್ಟಾಗಿ ಮೂರನೆಯ ಎರಡು ತೂಕವಿದೆ. ತೀರ್ಮಾನಕ್ಕೆ ನಾಲ್ಕನೆಯ ಮೂರು ಭಾಗ ಬೇಕು. ಯಾವುದೇ ಒಂದು ರಾಜ್ಯ ಎಲ್ಲವನ್ನೂ ತಡೆಯಲಾರದು. ರಾಜ್ಯಗಳನ್ನು ಬಿಟ್ಟು ಕೇಂದ್ರವೂ ಮುಂದೆ ಹೋಗಲಾರದು. ಮಂಡಳಿಯ ಶಿಫಾರಸುಗಳು ಶಾಸಕಾಂಗಗಳನ್ನು ಕಟ್ಟಿಹಾಕುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ ತಿಂಗಳಲ್ಲಿ ತೀರ್ಪಿತ್ತಿರುವುದರಿಂದ ಈ ವ್ಯವಸ್ಥೆಯು ಪರಸ್ಪರ ಸಮ್ಮತಿಯ ಮೇಲೆಯೇ ನಿಂತಿದೆ.

ವ್ಯಾಪಾರಕ್ಕೆ ಸ್ವಾತಂತ್ರ್ಯ ಎಷ್ಟು ಅಗತ್ಯವೋ ಆ ಸ್ವಾತಂತ್ರ್ಯವನ್ನು ಎಲ್ಲ ಗಡಿಗಳಲ್ಲಿಯೂ ಸಮಾನವಾಗಿ ಕಾಯುವ ಸಮರ್ಥ ಸಂಸ್ಥೆಯೂ ಅಷ್ಟೇ ಅಗತ್ಯ ಎಂಬುದು ಅಮೆರಿಕದ ಆ ಎಂಟು ವರ್ಷಗಳ ಅನುಭವ. ತೆರಿಗೆ ಸುಧಾರಣೆಯ ಚರ್ಚೆಗಳಲ್ಲಿ ವಾಣಿಜ್ಯ ಸಂಸ್ಥೆಗಳು ದರ ಇಳಿಕೆಯನ್ನು ಕೇಳುವುದರ ಜೊತೆಗೆ, ನಿರ್ಧಾರವನ್ನು ಯಾರು, ಎಷ್ಟು ಬಹುಮತದಿಂದ ಕೈಗೊಳ್ಳುತ್ತಾರೆ ಎಂಬ ಪ್ರಶ್ನೆಯನ್ನೂ ಗಮನದಲ್ಲಿರಿಸಿಕೊಳ್ಳುವುದು ಹಿತಕರ.